ಕಸ್ತೂರೆವ್ವನ ಒಂದೂವರೆ ಸೆಕೆಂಡು

ಪರಸಪ್ಪನಿಗೆ ಮೊದಲ ಸಲ ಹೊಟ್ಟೆ ಉರಿದದ್ದು, ಒಬ್ಬ ಗಾರೆ ಕೆಲಸದವನು ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಎದುರಿಗೆ ಇಪ್ಪತ್ತು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಬೆಳಿಗ್ಗೆ ಹತ್ತರ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಸುಮ್ಮನೆ ಮೇಲೆ ನೋಡಿದ. ಎರಡನೇ ಅಂತಸ್ತಿನ ಹೊರಗೋಡೆಗೆ ಕಟ್ಟಿದ ಹಲಗೆಯ ಸಾರುವೆಗೆ ಇಳಿಯುವ ಮುಂಚೆ ದಪ್ಪ ಮೀಸೆಯ ಆಳೊಬ್ಬ ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ತಟ್ಟಿದ. ಆಮೇಲೆ ಬೆನ್ನ ಹಿಂದಿನಿಂದ ಏನನ್ನೋ ಎಳೆದು ತಂದಂತೆ ಕೈ ಆಡಿಸಿ, ಸೊಂಟದ ಹತ್ತಿರ ಹೆಬ್ಬೆರಳಿನಿಂದ ಒತ್ತಿದ. ಅವನು ತೊಟ್ಟಿದ್ದು ಪ್ಯಾಂಟು, ಹರಿದ ಟೀ ಶರ್ಟು.

ಆ ಹೆಬ್ಬೆರಳಿನ ಒತ್ತು ಪರಸಪ್ಪನಿಗೆ ಚೆನ್ನಾಗಿ ಗೊತ್ತು. ಅದು ಅವನ ಹೆಂಡತಿ ಕಸ್ತೂರೆವ್ವನದು. ರೊಟ್ಟಿ ಬಡಿಯಲು ಕೂಡುವ ಮುಂಚೆ, ಕೊಡ ಎತ್ತುವ ಮುಂಚೆ, ಯಾರೊಂದಿಗಾದರೂ ಜಗಳಕ್ಕೆ ನಿಲ್ಲುವ ಮುಂಚೆ ಅವಳು ಹಾಗೇ ಸೆರಗು ಸಿಕ್ಕಿಸುತ್ತಿದ್ದಳು. ಮದುವೆಯಾದ ಹದಿನಾರು ವರ್ಷ ಅವನು ನೋಡಿದ್ದನ್ನು ಯಾರೋ ಮೀಸೆಯವನು ರಸ್ತೆಗೆಲ್ಲ ಕಾಣುವಂತೆ ಮಾಡಿ ತೋರಿಸಿದ್ದ.

ಮೀಸೆಯವನು ಚಹಾಕ್ಕೆಂದು ಕೆಳಗಿಳಿದಾಗ ಪರಸಪ್ಪ ಕೇಳಿಯೇಬಿಟ್ಟ.

"ಇದನ್ನ ಎಲ್ಲಿ ಕಲ್ತಿ?"

"ಯಾವುದು? ಓ, ಇದಾ!" ಅವನು ನಕ್ಕ. "ಕಸ್ತೂರಿ ಅಕ್ಕನ ಪಾಠರೀ. ಟ್ರೇನಿಂಗಿನ್ಯಾಗ ಟೊಪಿಗಿ ಹಾಕ್ತಾರಲ್ಲ, ಅವಾಗಿಂದ ಎಲ್ಲಾರ ಕೈನೂ ಹಿಂಗ ಹೋಗ್ತೈತಿ. ನಾವು ಬ್ಯಾಡಂದ್ರೂ ಕೇಳಂಗಿಲ್ಲ." ಚಹಾ ಊದಿಕೊಂಡು ಮತ್ತೆ ಹೇಳಿದ, "ಅಷ್ಟ ಅಲ್ರೀ. ಕಾಲು ಜಾರಿದಂಗ ಆಗ್ತೈತಿ, ಕೈ ಕೊಂಡಿ ಹುಡುಕ್ತೈತಿ, ಆವಾಗ ತುಟಿ ಎರಡೂ ಕೂಡ್ತಾವು. ಯಾರದೋ ಹೆಸರು ಬಾಯಿತನಕ ಬಂದು ನಿಂತಂಗ. ಅಕಿ ಯಾರನ್ನ ಕರ್ಯಾಕ ಹೋಗಿದ್ಲೋ ಏನೋ. ನಾವು ನಾವ ಮಾತಾಡ್ಕೊಂಡು ನಗತಿರ್ತೀವಿ."

ಅವಳ ಗಂಡನ ಜೊತೆಗೇ ಮಾತಾಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

*

ಆಗಿದ್ದಿಷ್ಟು. ಒಂದೂವರೆ ವರ್ಷದ ಹಿಂದೆ ಕಸ್ತೂರೆವ್ವ ವಿದ್ಯಾನಗರದ ಕಡೆ ಒಂದು ಕಟ್ಟಡದಲ್ಲಿ ಕ್ಯೂರಿಂಗ್ ಕೆಲಸ ಮಾಡುತ್ತಿದ್ದಳು. ಹೊಸ ಕಾಂಕ್ರೀಟು ಬಿರಿಯದಂತೆ ಹೊತ್ತುಹೊತ್ತಿಗೆ ನೀರು ಹೊಡೆಯುವ ಕೆಲಸ. ಧಾರವಾಡದ ಪ್ರಯೋಗಾಲಯವೊಂದು ಕೂಲಿಗಳ ದಣಿವನ್ನು ಅಳೆಯಲು ಆ ಕಟ್ಟಡದ ಅರವತ್ತು ಜನರಿಗೆ ವಿಶೇಷ ಹೆಲ್ಮೆಟ್ ಕೊಟ್ಟಿತ್ತು. ಮಿದುಳಿನಿಂದ ಸ್ನಾಯುಗಳಿಗೆ ಹೋಗುವ ಸಂಕೇತಗಳನ್ನು ಹೆಲ್ಮೆಟ್ಟಿನ ಒಳಪದರವೂ ಕೈಕಾಲಿಗೆ ಕಟ್ಟಿದ ಪಟ್ಟಿಗಳೂ ದಾಖಲಿಸಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಒಂಬತ್ತನೇ ಅಂತಸ್ತಿನ ಸಾರುವೆಯಲ್ಲಿ ಅವಳು ಸೊಂಟದ ಸುರಕ್ಷತಾ ಬೆಲ್ಟಿನ ಕೊಂಡಿಯನ್ನು ಒಂದು ಪೈಪಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವಷ್ಟರಲ್ಲಿ ಕಾಲ ಕೆಳಗಿನ ಹಲಗೆ ಸರಿಯಿತು.

ಬಿದ್ದವರು ಸಾಮಾನ್ಯವಾಗಿ ಗಾಳಿಯಲ್ಲಿ ಕೈ ಬಡಿಯುತ್ತಾರೆ. ಕಸ್ತೂರೆವ್ವನ ಮೈ ಗೋಡೆಯ ಕಡೆ ತಿರುಗಿತು, ಬಲ ಮೊಳಕೈ ಅಡ್ಡ ಪೈಪನ್ನು ತಬ್ಬಿತು, ಎಡಗೈ ನೇತಾಡುತ್ತಿದ್ದ ಕೊಂಡಿಯನ್ನು ಹಿಡಿದು ಪೈಪಿಗೆ ಸಿಕ್ಕಿಸಿತು. ಎಲ್ಲ ಸೇರಿ ಒಂದೂವರೆ ಸೆಕೆಂಡು. ಬಲಭುಜ ಕೀಲು ತಪ್ಪಿತು, ಜೀವ ಉಳಿಯಿತು. ಅದಕ್ಕೂ ಮುಂಚೆ ಅವಳು ಹಿಮ್ಮಡಿಯಿಂದ ಹಲಗೆ ತಟ್ಟಿ ಸೆರಗು ಸಿಕ್ಕಿಸಿದ್ದೂ ಆ ದಾಖಲೆಯ ಜೊತೆಗೇ ಉಳಿದುಹೋಗಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಸುಲಭಾ ಕಾಖಂಡಕಿ ಆಸ್ಪತ್ರೆಗೇ ಬಂದು, ಆ ದಾಖಲೆಯಿಂದ ಬೇರೆ ಆಳುಗಳಿಗೆ ಕಲಿಸಲು ಅವಳ ಒಪ್ಪಿಗೆ ಕೇಳಿದ್ದರು. ಅಂದು ಪರಸಪ್ಪನೂ ಅಲ್ಲೇ ಇದ್ದ. ಆ ಹೆಣ್ಣುಮಗಳು ಅವನಿಗೆ ತಿಳಿಯುವ ಹಾಗೆ ಹೇಳಿದ್ದರು:

"ನೀವು ವೈಂಡಿಂಗ್ ಮಾಡಾವ್ರು. ಒಂದು ಸುರುಳಿಯೊಳಗ ಕರೆಂಟ್ ಏರಿಳಿದ್ರ ಬಾಜೂದ ಸುರುಳಿಯೊಳಗ ಮುಟ್ಟಲಾರದನ ಕರೆಂಟ್ ಹುಟ್ಟತೈತಿ, ಹೌದಲ್ರಿ? ಇದೂ ಹಂಗ. ಟೊಪಿಗಿಯೊಳಗ ಸಣ್ಣ ಸಣ್ಣ ಸುರುಳಿ ಅದಾವು. ನಿಮ್ಮ ಮನಿಯವ್ರ ಮಿದುಳಿನ್ಯಾಗ ಆವತ್ತು ಏನು ಹರೀತೋ ಅದನ್ನ ಇನ್ನೊಬ್ಬರ ಮಿದುಳಿನ್ಯಾಗ ಎಬ್ಬಸ್ತಾವು. ನೂರಾ ಇಪ್ಪತ್ತು ಸಲ ಎಬ್ಬಿಸಿದ್ರ ಮೈ ತಾನಾಗೇ ಕಲೀತೈತಿ."

ಮುಂದೆ ಅದು ಕಾನೂನೇ ಆಯಿತು. ಯಾವ ಕಟ್ಟಡದಲ್ಲೇ ಆಗಲಿ ಹೊಸ ಆಳು ಒಳಗೆ ಕಾಲಿಡುವ ಮುಂಚೆ ಸುರಕ್ಷತಾ ತರಬೇತಿಯ ಶೆಡ್ಡಿನಲ್ಲಿ ನಲವತ್ತು ನಿಮಿಷ ಟೊಪಿಗಿ ಹಾಕಿ ಕೂಡಬೇಕು. ಮೊದಲೆಲ್ಲ ತರಬೇತಿ ಎಂದರೆ ಒಬ್ಬ ಸಾಹೇಬ ಕಾಗದ ಓದುತ್ತಿದ್ದ, ಆಳುಗಳು ತೂಕಡಿಸುತ್ತಿದ್ದರು, ಕೊನೆಗೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಟೊಪಿಗಿ ಬಂದ ಮೇಲೆ ಬಿದ್ದು ಸಾಯುವವರು ಐದರಲ್ಲಿ ಒಂದು ಪಾಲಿಗೆ ಇಳಿದರು. ಸರ್ಕಾರದ ಕಾಗದದಲ್ಲಿ ಅದಕ್ಕೆ 'ಮಾದರಿ ಹದಿನೇಳು' ಎಂದು ಹೆಸರು. ಆಳುಗಳಿಗೆ ಮಾತ್ರ ಅದು ಕಸ್ತೂರಿ ಪಾಠ. ನಲವತ್ತು ಸಾವಿರ ಜನ ಕಲಿತಿದ್ದರು.

*

ಆ ಸಂಜೆ ಮನೆಯಲ್ಲಿ ಪರಸಪ್ಪ ಹೆಂಡತಿಯ ಕೈಯನ್ನೇ ನೋಡುತ್ತ ಕೂತ. ಅವಳು ಸೆರಗು ಸಿಕ್ಕಿಸಿದಳು, ಹೆಬ್ಬೆರಳಿನಿಂದ ಒತ್ತಿದಳು. ನಲವತ್ತು ಸಾವಿರ ಗಂಡಸರ ಹೆಬ್ಬೆರಳು ಅಲ್ಲಿ ಒತ್ತಿದಂತೆ ಅವನಿಗೆ ಕಂಡಿತು.

"ಆವತ್ತ ಬೀಳು ಮುಂದ ಯಾರನ್ನೋ ಕರ್ಯಾಕ ಹೋಗಿದ್ದ್ಯಂತ," ಎಂದ.

ಅವಳ ಕೈ ನಿಂತಿತು. "ಯಾರು ಹೇಳಿದ್ರು?"

"ಮಂದಿ ಹೇಳಾಕತ್ತಾರ. ಊರಿಗೆಲ್ಲ ಗೊತ್ತೈತಿ, ನನಗೊಬ್ಬಗ ಗೊತ್ತಿಲ್ಲ."

"ಏನೋ ಇರ್ತೈತ್ರೀ. ಆ ಹೊತ್ತಿನ್ಯಾಗ ಯಾರಿಗೆ ನೆಪ್ಪಿರ್ತೈತಿ?" ಅವಳು ಮುಖ ಆ ಕಡೆ ತಿರುಗಿಸಿದಳು. ಕಿವಿಯ ತನಕ ಕೆಂಪಾಗಿದ್ದು ಒಲೆಯ ಕಾವಿನಿಂದಲ್ಲ ಎಂದು ಪರಸಪ್ಪ ಅಂದುಕೊಂಡ.

ಒಮ್ಮೆ ಹೊಕ್ಕ ಹುಳ ಹೊರಗೆ ಬರಲಿಲ್ಲ. ತುಟಿ ಕೂಡಿಸಿ ಹೇಳುವ ಹೆಸರು ಯಾರದು? ಅಂಗಡಿಯಲ್ಲಿ ತಂತಿ ಸುತ್ತುತ್ತ ಅವನು ಅವಳ ಕೆಲಸದ ಜಾಗದ ಗಂಡಸರ ಹೆಸರುಗಳನ್ನೆಲ್ಲ ಒಂದೊಂದಾಗಿ ಬಾಯಲ್ಲಿ ಹೇಳಿ ನೋಡಿದ. ಮೈಲಾರಿಗೆ ಬಂದಾಗ ಅವನ ತುಟಿ ಕೂಡಿದವು.

ಮೈಲಾರಿ ಸಾರುವೆ ಕಟ್ಟುವ ಮೇಸ್ತ್ರಿ. ಕೊಂಡಿ ಹಾಕುವುದನ್ನು ಕಸ್ತೂರೆವ್ವನಿಗೆ ಕಲಿಸಿದವನು ಅವನೇ. ಅಂದು ಅವಳನ್ನು ಒಂಬತ್ತು ಅಂತಸ್ತು ಹೊತ್ತು ಇಳಿಸಿದವನೂ ಅವನೇ. ಪರಸಪ್ಪ ಆಸ್ಪತ್ರೆ ಮುಟ್ಟಿದಾಗ ಮೈಲಾರಿಯ ಅಂಗಿಯ ತುಂಬ ಅವಳ ಹಣೆಯ ಕುಂಕುಮ ಮೆತ್ತಿಕೊಂಡಿತ್ತು. ಆಗ ಪರಸಪ್ಪ ಅವನ ಎರಡೂ ಕೈ ಹಿಡಿದು ಅತ್ತಿದ್ದ. ಈಗ ಆ ಅಂಗಿ ನೆನಪಾದರೆ ಉಣ್ಣುತ್ತಿದ್ದ ತಾಟು ಸರಿಸಿ ಏಳುತ್ತಿದ್ದ.

ಎಣಿಕೆ ತಪ್ಪತೊಡಗಿತು. ತೊಂಬತ್ತು ಸುತ್ತು ಬೇಕಾದಲ್ಲಿ ಎಂಬತ್ತೆರಡು ಸುತ್ತಿ ಒಬ್ಬ ರೈತನ ಪಂಪಿನ ಮೋಟಾರು ಸುಟ್ಟಿತು. ಕಸ್ತೂರೆವ್ವ ಸಂತೆಗೆ ಹೊರಟರೆ ಅವನೂ ಹಿಂದೆ ಹೊರಟ. ದಾರಿಯಲ್ಲಿ ಗುರುತಿಲ್ಲದ ಆಳುಗಳು, "ಅಕ್ಕಾ, ಭುಜ ಹೆಂಗೈತಿ? ಚಳಿಯಾಗ ನಮಗೂ ಎಳದಂಗ ಆಗ್ತೈತಿ ನೋಡ," ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳ ಭುಜದ ನೋವಿನಲ್ಲೂ ಅವರಿಗೆ ಪಾಲಿತ್ತು. ಅವನಿಗಿರಲಿಲ್ಲ.

*

ಒಂದು ಸೋಮವಾರ ಅಂಗಡಿ ಮುಚ್ಚಿ ಪರಸಪ್ಪ ಧಾರವಾಡದ ಬಸ್ಸು ಹತ್ತಿದ.

ಸುಲಭಾ ಮೇಡಂ ಪರದೆಯ ಮೇಲೆ ಏಳೆಂಟು ಬಣ್ಣದ ಗೆರೆಗಳನ್ನು ತೋರಿಸಿದರು. ಕೆಂಪು ಗೆರೆ ಮೊಳಕೈಯದು, ನೀಲಿಯದು ಎಡಗೈಯದು. ಕೆಳಗೆ ತೆಳ್ಳಗೆ ಒಂದು ಹಸಿರು ಗೆರೆ.

"ಇದ ನೋಡ್ರಿ ನೀವು ಕೇಳೂದು. ತುಟಿ ಕೂಡಿಸೋ ಸ್ನಾಯು. ಇದರಾಗ ದನಿ ಇಲ್ಲ, ಹೆಸರೂ ಇಲ್ಲ. ಯಾರನ್ನ ಕರೆದ್ರು ಅಂತ ಯಾವ ಮಿಷನ್ನೂ ಹೇಳಂಗಿಲ್ಲ."

"ಹಂಗಾರ ಆ ಹಸಿರು ಗೆರಿ ತಗದಬಿಡ್ರಿ."

"ಬರಂಗಿಲ್ಲರೀ. ಉಸಿರು ಹಿಡಿಯೂದು, ತುಟಿ ಬಿಗಿಯೂದು, ಮೊಳಕೈ ಬಿಗಿಯೂದು ಎಲ್ಲಾ ಒಂದಕ್ಕೊಂದು ಹೆಣಕೊಂಡದಾವು. ಸುತ್ತಿದ ಮೋಟಾರಿನ್ಯಾಗ ನಡುವಿಂದ ನಾಕು ಸುತ್ತು ಎಳದ್ರ ಅದು ತಿರಗತೈತೇನು?"

ತಿರುಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎದ್ದು ಹೊರಟವನಿಗೆ ಗೋಡೆಯ ಮೇಲಿನ ಸೂಚನೆ ಕಣ್ಣಿಗೆ ಬಿತ್ತು: ದಾಖಲೆ ಕೊಟ್ಟವರು ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು, ಹಿಂಪಡೆದ ಮೂರು ದಿನಗಳೊಳಗೆ ಮೂಲವನ್ನೂ ಎಲ್ಲ ಪ್ರತಿಗಳನ್ನೂ ಅಳಿಸಲಾಗುವುದು. ಕೆಳಗಿನ ಪೆಟ್ಟಿಗೆಯಲ್ಲಿ ಅರ್ಜಿಗಳಿದ್ದವು. ಒಂದನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಮನೆಯಲ್ಲಿ ಕಸ್ತೂರೆವ್ವ ಹಿಟ್ಟು ನಾದುತ್ತಿದ್ದಳು.

"ಧಾರವಾಡದಿಂದ ಕಾಗದ ಬಂದೈತಿ. ವರ್ಷಕ್ಕೊಮ್ಮಿ ಸಹಿ ಮಾಡಬೇಕಂತ."

"ನೀವು ಓದೀರಿಲ್ಲ?"

"ಓದೀನಿ."

ಅವಳು ಕೈ ಒರೆಸಿಕೊಂಡು, ಗಂಡ ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿದಳು. ಮರುದಿನವೇ ಅವನು ಅದನ್ನು ಧಾರವಾಡಕ್ಕೆ ಮುಟ್ಟಿಸಿ ಬಂದ.

ಆ ವಾರ ಪರಸಪ್ಪ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. ಏಳನೇ ಇಯತ್ತೆ ಓದುವ ಮಗಳು ಅನ್ನಪೂರ್ಣಾಳನ್ನು ಕರೆದುಕೊಂಡು ಹೋಗಿ ಗಿರಮಿಟ್ಟು ತಿನ್ನಿಸಿದ. ಎದುರಿನ ಕಟ್ಟಡಕ್ಕೆ ಬಂದ ಹೊಸ ಆಳುಗಳ ಕೈ ಸೊಂಟಕ್ಕೆ ಹೋಗುತ್ತಿರಲಿಲ್ಲ. ತನ್ನದು ತನಗೆ ಮರಳಿ ಬಂದಿತೆಂದು ಅವನು ತಿಳಿದ.

*

ಮುಂದಿನ ವಾರದ ಶುಕ್ರವಾರ ಮೈಲಾರಿ ಮನೆಗೆ ಬಂದ. ಮುಖ ಕ್ಷೌರ ಕಂಡಿರಲಿಲ್ಲ. ಪರಸಪ್ಪ ಬಾಗಿಲಿಗೆ ಅಡ್ಡ ನಿಂತ. ಮೈಲಾರಿ ಅವನ ಕಡೆ ನೋಡದೆ ಒಳಗಿದ್ದವಳನ್ನೇ ಕೇಳಿದ.

"ತಂಗೀ, ಯಾಕ ಹಿಂದಕ್ಕ ತಗೊಂಡಿ?"

"ಏನನ್ನ ಅಣ್ಣಾ?"

"ನಿನ್ನ ಪಾಠ. ಶೆಡ್ಡಿನ್ಯಾಗ ಈಗ ಬರೇ ಸಿನಿಮಾ ತೋರಸ್ತಾರ. ನಮ್ಮಕ್ಕನ ಮಗ ಅಡಿವೆಪ್ಪ, ಎರಡು ಮಕ್ಕಳ ತಂದಿ, ಬೆಳಗಾವ್ಯಾಗ ಹೊಸದಾಗಿ ಬಣ್ಣದ ಕೆಲಸಕ್ಕ ಸೇರಿದ್ದ. ನಾನ ಹೇಳಿದ್ನಿ, ಹೆದರಬ್ಯಾಡ, ಕಸ್ತೂರಿ ಪಾಠ ಐತಿ ಅಂತ. ಸಿನಿಮಾ ನೋಡಿ ಮ್ಯಾಲ ಹೋದ. ಮಂಗಳವಾರ ಆರನೇ ಮಜಲಿನಿಂದ ಬಿದ್ದ." ಅವನ ದನಿ ಒಡೆಯಿತು. "ಕೊಂಡಿ ಅವನ ಕೈಯಾಗ ಇತ್ತಂತವ್ವಾ. ಎಲ್ಲಿ ಹಾಕಬೇಕೋ ಗೊತ್ತಾಗಲಿಲ್ಲಂತ."

"ನಾ ಯಾವುದನ್ನೂ ಹಿಂದಕ್ಕ ತಗೊಂಡಿಲ್ಲ."

ಮೈಲಾರಿ ಪ್ರಯೋಗಾಲಯದಿಂದ ಫೋನಿಗೆ ತರಿಸಿಕೊಂಡಿದ್ದ ಅರ್ಜಿಯ ಚಿತ್ರ ತೋರಿಸಿದ. ಕಸ್ತೂರೆವ್ವ ತನ್ನ ಸಹಿಯನ್ನು ನೋಡಿದಳು. ಸಹಿಯ ಪಕ್ಕದಲ್ಲಿ ಜೋಳದ ಹಿಟ್ಟಿನ ಬೆರಳಚ್ಚಿತ್ತು. ಆಮೇಲೆ ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಪರಸಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಅವಳು ಮೈಲಾರಿಯ ಜೊತೆ ಅಡಿವೆಪ್ಪನ ಮನೆಗೆ ಹೋಗಿ ಅವನ ಹೆಂಡತಿಯ ಪಕ್ಕದಲ್ಲಿ ಎರಡು ದಿನ ಕೂತು ಬಂದಳು. ಮೂರನೇ ದಿನ ಧಾರವಾಡಕ್ಕೆ ಹೊರಟಳು. ಕರೆಯದಿದ್ದರೂ ಪರಸಪ್ಪ ಹಿಂದೆ ಹೋದ.

"ಅಳಿಸಿ ಹೋಗೇತಿ ಕಸ್ತೂರೆವ್ವ," ಸುಲಭಾ ಮೇಡಂ ಹಣೆ ಒತ್ತಿಕೊಂಡರು. "ಕಾನೂನು ಹಂಗೈತಿ. ಕಲ್ತವರಿಂದ ಮತ್ತ ದಾಖಲೆ ಮಾಡಿ ನೋಡಿದ್ವಿ. ನಕಲಿನ ನಕಲು, ಮಸಕಾಗಿ ಬರ್ತೈತಿ. ಹಂಗಾರ ಇನ್ನೊಬ್ಬರು ಬಿದ್ದು ಬದುಕಬೇಕು, ಅವರ ತಲಿ ಮ್ಯಾಲ ನಮ್ಮ ಹೆಲ್ಮೆಟ್ ಇರಬೇಕು. ಅದು ಯಾವಾಗಂತ ಕಾಯೂದು?"

"ನಾನ ಮತ್ತ ಬೀಳ್ತೀನ್ರಿ," ಎಂದಳು ಕಸ್ತೂರೆವ್ವ.

"ನಾ ಬೀಳ್ತೀನಿ!" ಪರಸಪ್ಪ ಮುಂದೆ ಬಂದ. "ತಪ್ಪು ನಂದು. ಸುಳ್ಳು ಹೇಳಿ ಸಹಿ ಹಾಕಿಸಿದಾಂವ ನಾನು, ಬರ್ಕೊಳ್ರಿ. ನನ್ನ ಬೀಳಸ್ರಿ."

ಮೇಡಂ ತಲೆ ಅಲ್ಲಾಡಿಸಿದರು. "ನಿಮ್ಮ ಮೈಗೆ ಏನು ಗೊತ್ತೈತ್ರಿ ಪರಸಪ್ಪ? ನೀವು ಬಿದ್ರ ಬರೇ ಬೀಳೂದ ದಾಖಲಾಗ್ತೈತಿ."

*

ಪ್ರಯೋಗಾಲಯದ ಎತ್ತರದ ಶೆಡ್ಡಿನಲ್ಲಿ ಸಾರುವೆ ಕಟ್ಟಿದರು. ಕಟ್ಟಲು ಬಂದವನು ಮೈಲಾರಿ. ಕೆಳಗೆ ಬಲೆ ಹಾಕಿದರು. ಕಸ್ತೂರೆವ್ವ ಮೊದಲಿನಂತೆ ಹೆಲ್ಮೆಟ್ಟು, ಪಟ್ಟಿ ಹಾಕಿಕೊಂಡು ದಿನವಿಡೀ ಮೇಲೆ ಓಡಾಡಿ ಗೋಡೆಗೆ ನೀರು ಹೊಡೆಯಬೇಕು. ಯಾವಾಗ ಹಲಗೆ ಸರಿಯಬೇಕೆಂಬುದನ್ನು ಕಂಪ್ಯೂಟರು ತನಗೆ ತೋಚಿದಂತೆ ನಿರ್ಧರಿಸುತ್ತದೆ. ಎರಡು ದಿನದಲ್ಲಿ ಮೂರು ಸಲ ಬಿದ್ದಳು. ಮೂರು ಸಲವೂ ಗೆರೆಗಳು ಸಪ್ಪಗೆ ಬಂದವು.

"ಕೆಳಗ ಬಲಿ ಹಾಕೇತಂತ ಮೈಗೆ ಗೊತ್ತೈತ್ರಿ," ಎಂದಳು. "ಅದು ಹೆದರವಲ್ದು. ಬಿಚ್ಚಸ್ರಿ."

ಒಂದು ದಿನವೆಲ್ಲ ವಾದ ನಡೆಯಿತು. ಕೊನೆಗೆ ಬಲೆ ತೆಗೆದು, ಇಪ್ಪತ್ತು ಅಡಿ ಕೆಳಗೆ ನೆಲದ ಮೇಲೆ ಮೊಳ ದಪ್ಪದ ಹಾಸು ಹಾಕಲು ಮೇಡಂ ಒಪ್ಪಿದರು. ಒಪ್ಪಿಗೆಯ ಕಾಗದ ಕೊಟ್ಟಾಗ ಕಸ್ತೂರೆವ್ವ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಮಾಡಿದಳು.

ಪರಸಪ್ಪ ಕೆಳಗೆ ನಿಂತಿದ್ದ. ಪಕ್ಕದಲ್ಲೇ ಮೈಲಾರಿ. ಅಕ್ಕನ ಮಗನನ್ನು ಮಣ್ಣು ಮಾಡಿ ಬಂದ ಮನುಷ್ಯನ ಪಕ್ಕ ನಿಂತಿದ್ದಾಗಲೂ ಪರಸಪ್ಪನ ಎದೆಯ ಕಿಚ್ಚು ಪೂರ್ತಿ ಆರಿರಲಿಲ್ಲ. ಕಸ್ತೂರೆವ್ವ ಮೇಲಿನಿಂದ ಒಮ್ಮೆ ಕೆಳಗೆ ನೋಡಿ, "ಅಣ್ಣಾ, ಈ ಪೈಪು ಬಿಗಿ ಐತಿಲ್ಲ?" ಎಂದಳು. ಮೈಲಾರಿ ಹೌದೆಂದು ತಲೆಯಾಡಿಸಿದ. ಅಷ್ಟಕ್ಕೇ ಪರಸಪ್ಪನ ಹಲ್ಲು ಕಚ್ಚಿಕೊಂಡವು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ಕಚ್ಚಿಕೊಂಡವು.

ಮೂರು ಗಂಟೆಯ ಸುಮಾರಿಗೆ ಹಲಗೆ ಸರಿಯಿತು.

ಮೇಡಂ, ಸಹಾಯಕರು, ಮೈಲಾರಿ ಎಲ್ಲರೂ ಅವಳ ಕೈ ನೋಡಿದರು. ಪರಸಪ್ಪ ತುಟಿ ನೋಡಿದ. ಅವು ತೆರೆದೇ ಇದ್ದವು. ಹಲ್ಲು ಕಂಡವು, ಉಸಿರು ಬುಸ್ಸೆಂದು ಹೊರಬಂತು. ಮೊಳಕೈ ಪೈಪನ್ನು ತಬ್ಬಿದ ಸದ್ದು, ಕೊಂಡಿ ಬಿದ್ದ ಸದ್ದು ಕೇಳಿಸಿತು. ಆಗಲೇ ಅವನಿಗೆ ತಿಳಿದದ್ದು, ಅವಳು ಬದುಕಿದಳೋ ಇಲ್ಲವೋ ಎಂದು ತಾನು ನೋಡಿಯೇ ಇರಲಿಲ್ಲವೆಂದು.

"ಬಂತು!" ಮೇಡಂ ಪರದೆಯ ಮುಂದೆ ಕೂಗಿದರು. "ಹಳೇದಕ್ಕಿಂತ ಸ್ವಚ್ಛ ಬಂದೈತಿ. ಹಸಿರು ಗೆರಿ ಒಂದು ಏಳಲಿಲ್ಲ, ಅದರ ಗರಜೂ ಇಲ್ಲ ಬಿಡ್ರಿ."

ಭುಜ ಮತ್ತೆ ಕೀಲು ತಪ್ಪಿತ್ತು. ಕೂಡಿಸಿ ಕಟ್ಟು ಹಾಕಿದ ಮೇಲೆ ಕಸ್ತೂರೆವ್ವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಳು. ಪರಸಪ್ಪ ನೀರು ತಂದುಕೊಟ್ಟ. ಕೇಳಬಾರದೆಂದು ಅಂದುಕೊಂಡೇ ಕೇಳಿದ.

"ಆವತ್ತ ಯಾರನ್ನ ಕರ್ಯಾಕ ಹೋಗಿದ್ದಿ?"

ಅವಳು ಲೋಟ ಕೆಳಗಿಟ್ಟಳು.

"ನಿಮ್ಮನ್ನ."

ಅವನಿಗೆ ಅರ್ಥವಾಗಲಿಲ್ಲ.

"ನಿಮ್ಮ ಹೆಸರು ಬಾಯಿತನಕ ಬಂತು. ಗಂಡನ ಹೆಸರು ತಗೀಬಾರ್ದಂತ ನಮ್ಮವ್ವ ಸಣ್ಣಾಕಿದ್ದಾಗಿಂದ ಹೇಳಿದ್ದು, ಆ ಹೊತ್ತಿನ್ಯಾಗೂ ನೆಪ್ಪಾತು. ತುಟಿ ಬಿಗಿ ಹಿಡದ್ನಿ."

"ಮತ್ತ ಕೇಳಿದಾಗ ಯಾಕ ಹೇಳಲಿಲ್ಲ?"

"ನಾಚಿಕಿ ಬಂತು. ಹದಿನಾರು ವರ್ಷಾದ ಮ್ಯಾಲ ಹಿಂತಾದ್ದು ಬಾಯಿಬಿಟ್ಟು ಹೇಳೂದಂದ್ರ ನಾಚಿಕಿ ಬರೂದಿಲ್ಲೇನು? ಒಂದಿನ ಹೇಳೂಣಂತ ಇಟ್ಕೊಂಡಿದ್ನಿ." ಅವಳು ಕಿಟಕಿಯ ಹೊರಗೆ ನೋಡಿದಳು. "ಈ ಸಲ ಯಾರೂ ನೆಪ್ಪಾಗಲಿಲ್ಲ. ಬರೇ ಕೊಂಡಿ ಕಾಣ್ತು."

*

ಹತ್ತು ದಿನದಲ್ಲಿ ಹೊಸ ಪಾಠ ಎಲ್ಲ ಶೆಡ್ಡುಗಳನ್ನೂ ಮುಟ್ಟಿತು. ಪರಸಪ್ಪ ತಾನಾಗಿ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ. ಸುಳ್ಳು ಹೇಳಿ ಸಹಿ ಹಾಕಿಸಿದ ಕೇಸು ಇನ್ನೂ ಕೋರ್ಟಿನಲ್ಲಿ ನಡೆದಿದೆ. ಅಡಿವೆಪ್ಪನ ಮನೆಯ ಬಾಗಿಲಿಗೂ ಅವನು ಹೋದ. ಅಡಿವೆಪ್ಪನ ತಾಯಿ ಅವನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ಹೊತ್ತು ಮುಳುಗುವ ತನಕ ನಿಂತು ಬಂದ.

ಕಸ್ತೂರೆವ್ವನನ್ನು ಬೆಳಗಾವಿಯ ತರಬೇತಿ ಶೆಡ್ಡಿಗೆ ಮೇಲ್ವಿಚಾರಕಿಯಾಗಿ ಕರೆದರು. ಟೊಪಿಗಿ ಹಾಕಿಕೊಂಡು ಬೆವರುವ ಹೊಸಬರ ಪಕ್ಕ ಕೂತು ಧೈರ್ಯ ಹೇಳುವುದು ಅವಳ ಕೆಲಸ. ಮಗಳು ಅನ್ನೂನ ಪರೀಕ್ಷೆ ಮುಗಿಯುವ ತನಕ ಒಬ್ಬಳೇ ಇದ್ದು, ಆಮೇಲೆ ಅವಳನ್ನೂ ಕರೆಸಿಕೊಳ್ಳುವುದಾಗಿ ಹೇಳಿದಳು. ತನ್ನನ್ನೂ ಕರೆಸಿಕೊಳ್ಳುವಳೇ ಎಂದು ಪರಸಪ್ಪ ಕೇಳಲಿಲ್ಲ.

ಹೊರಡುವ ದಿನ ಅವಳ ಟ್ರಂಕನ್ನು ಬಸ್ಸಿಗೆ ಏರಿಸಿ ಅವನು ಕೆಳಗಿಳಿದು ನಿಂತ. ಬೆಳಗಿನ ಎಂಟು ಗಂಟೆ. ನಿಲ್ದಾಣದ ತುಂಬ ಕೆಲಸಕ್ಕೆ ಹೊರಟ ಜನ. ಬಸ್ಸು ಚಾಲೂ ಆಯಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಪರಸಪ್ಪಾ," ಎಂದು ಕರೆದಳು, ನಾಲ್ಕು ಜನಕ್ಕೆ ಕೇಳುವ ಹಾಗೆ, ಕಟ್ಟಡದ ಮೇಲಿನಿಂದ ಕೆಳಗಿನ ಆಳನ್ನು ಕರೆಯುವ ಹಾಗೆ. "ಅನ್ನೂನ ಸಾಲಿ ಐದಕ್ಕ ಬಿಡ್ತೈತಿ. ಮರೀಬ್ಯಾಡ."

ಮೊದಲ ಸಲ ಅವಳ ಬಾಯಲ್ಲಿ ತನ್ನ ಹೆಸರು ಕೇಳಿದ ಪರಸಪ್ಪ, "ಆತು," ಎಂದ. ಬಸ್ಸು ತಿರುವಿನಲ್ಲಿ ಮರೆಯಾಯಿತು.